ಮುಳುಗಿದ ನೌಕಾಪಡೆಯನ್ನು ಕೊಂಡ ಗುಜರಿ ವ್ಯಾಪಾರಿ

ನಮ್ಮ ಹಳ್ಳಿಗಳಲ್ಲಿ ಸೇದುವ ಬಾವಿಗೆ ಕೊಡವು ಜಾರಿಬಿದ್ದರೆ ಪಾತಾಳಗರಡಿಯನ್ನು ತರಿಸುವುದು ವಾಡಿಕೆ. ಹಗ್ಗದ ತುದಿಗೆ ಕೊಕ್ಕೆಗಳ ಗೊಂಚಲನ್ನು ಕಟ್ಟಿ ನೀರಿಗಿಳಿಬಿಟ್ಟು, ಅತ್ತಿತ್ತ ಆಡಿಸಿ, ಕೊಡದ ಕಂಠಕ್ಕೆ ಕೊಕ್ಕೆ ಸಿಕ್ಕಿತೆಂದು ಕೈಗೆ ತಿಳಿದೊಡನೆ ಉಸಿರು ಬಿಗಿಹಿಡಿದು ಮೇಲಕ್ಕೆಳೆಯಬೇಕು. ಅರ್ಧ ದಾರಿಯಲ್ಲಿ ಕೊಡ ಕಳಚಿಕೊಂಡು ಮತ್ತೆ ತಳ ಸೇರುವುದೂ ಉಂಟು. ಬಾವಿಕಟ್ಟೆಯ ಸುತ್ತ ನಿಂತವರು ಆಗ ಒಮ್ಮೆಲೇ ಬಿಡುವ ನಿಟ್ಟುಸಿರನ್ನು ಕೇಳಿದವರು ಈ ಲೇಖನದ ನಾಯಕನ ಕಷ್ಟಸುಖಗಳನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ವ್ಯತ್ಯಾಸವಿಷ್ಟೆ. ಅವನ ಬಾವಿಯು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಕೊರೆಯುವ ಕಡಲು. ಅವನ ಕೊಡಗಳಲ್ಲಿ ದೊಡ್ಡದಾದುದರ ತೂಕ ಸುಮಾರು 27,000 ಟನ್ನು, ಉದ್ದ ಏಳುನೂರು ಅಡಿ.

ಆತನ ಹೆಸರು ಅರ್ನೆಸ್ಟ್ ಫ್ರಾಂಕ್ ಗೆಲ್ಫ್ ಕಾಕ್ಸ್. ಸಮುದ್ರದಡಿಯಿಂದ ಹಡಗುಗಳನ್ನು ಮೇಲೆತ್ತಿದವರ ಚರಿತ್ರೆಯಲ್ಲಿ ಈತನಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದವರು ಮತ್ತೊಬ್ಬರಿಲ್ಲವೆಂದು ಬಲ್ಲವರು ಹೇಳುತ್ತಾರೆ. ಆದರೆ ಆ ಕೆಲಸಕ್ಕೆ ತೊಡಗುವ ದಿನದವರೆಗೆ ಆತನು ಒಂದು ದೋಣಿಯನ್ನೂ ನೀರಿನಿಂದೆತ್ತಿದವನಲ್ಲ. ನೌಕಾಸೇನೆಯಲ್ಲಿ ದುಡಿದವನಲ್ಲ, ವಿಶ್ವವಿದ್ಯಾನಿಲಯದ ಮೆಟ್ಟಲನ್ನು ಹತ್ತಿದವನೂ ಅಲ್ಲ. ಹಳೆಯ ಕಬ್ಬಿಣವನ್ನು ಕೊಂಡು ಒಡೆದು ಮಾರುವ ಗುಜರಿ ವ್ಯಾಪಾರಿ ಆತನು.

ಕಾಕ್ಸನು 1883ರಲ್ಲಿ ಇಂಗ್ಲೆಂಡಿನ ನಡುನಾಡಿನಲ್ಲಿ, ಕಲ್ಲಿದ್ದಲು ಮತ್ತು ಕಬ್ಬಿಣದ ಹೊಗೆಯಿಂದ ಕಪ್ಪಾದ ಸೀಮೆಯಲ್ಲಿ ಜನಿಸಿದನು. ಹದಿಮೂರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಜವಳಿ ಅಂಗಡಿಯೊಂದರಲ್ಲಿ ಓಡಾಟದ ಹುಡುಗನಾಗಿ ಸೇರಿದನು. ಆಗ ವಿದ್ಯುಚ್ಛಕ್ತಿಯು ಹೊಸ ವಿದ್ಯೆ. ಊರೂರಿಗೆ ವಿದ್ಯುದಾಗಾರಗಳು ಏಳುತ್ತಿದ್ದ ಕಾಲವದು. ಹುಡುಗನು ಬಿಡುವಿನ ವೇಳೆಯಲ್ಲಿ ಪುಸ್ತಕಗಳನ್ನು ಹಿಡಿದು ಆ ವಿದ್ಯೆಯನ್ನು ತಾನೇ ಕಲಿತುಕೊಂಡನು. ಒಂದು ವಿದ್ಯುದಾಗಾರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಮೇಲೇರುತ್ತ ಸ್ಕಾಟ್ಲೆಂಡಿನ ವಿಷಾ ಎಂಬ ಪಟ್ಟಣದಲ್ಲಿ ಎಂಜಿನಿಯರನಾದನು. ಅಲ್ಲಿ ಉಕ್ಕಿನ ಕಾರ್ಖಾನೆಯ ಒಡೆಯರೊಬ್ಬರ ಮಗಳನ್ನು 1907ರಲ್ಲಿ ವಿವಾಹವಾದನು. ಮಾವನ ಕಾರ್ಖಾನೆಯಲ್ಲಿಯೇ ಉಕ್ಕಿನ ವ್ಯಾಪಾರದ ಒಳಹೊರಗುಗಳು ಆತನಿಗೆ ತಿಳಿದುವು.

ಮನೆಯಳಿಯನಾಗಿ ಸುಖವಾಗಿರುವುದು ಆತನ ಸ್ವಭಾವಕ್ಕೆ ಒಗ್ಗಲಿಲ್ಲ. ಸ್ವಂತ ಉದ್ಯಮ ಬೇಕು, ಕೈಯಲ್ಲಿ ಹಣವಿಲ್ಲ. ಹೆಂಡತಿಯ ಬಂಧುವಾದ ಡ್ಯಾಂಕ್ಸ್ ಎಂಬ ಯುವಕನಲ್ಲಿ ಹಣವಿದ್ದಿತು, ದುಡಿಯುವ ಇಷ್ಟವಿರಲಿಲ್ಲ. ತನ್ನನ್ನು ಕೆಲಸಕ್ಕೆ ಕರೆಯಕೂಡದೆಂಬ ಒಂದೇ ಷರತ್ತಿನ ಮೇಲೆ ಅವನು ಬಂಡವಾಳವನ್ನು ಕೊಟ್ಟನಂತೆ. ಹೀಗೆ ಹುಟ್ಟಿತು ಕಾಕ್ಸ್ ಅಂಡ್ ಡ್ಯಾಂಕ್ಸ್ ಕಂಪನಿ. ಮೊದಲನೆಯ ಮಹಾಯುದ್ಧದಲ್ಲಿ ಈ ಕಂಪನಿಯು ಮದ್ದುಗುಂಡಿನ ಸಾಮಗ್ರಿಗಳನ್ನು ತಯಾರಿಸಿ ಚೆನ್ನಾಗಿ ಗಳಿಸಿತು. ಯುದ್ಧವು ಮುಗಿದ ಮೇಲೆ ಕಾಕ್ಸನು ಪಾಲುದಾರನ ಲೆಕ್ಕವನ್ನು ತೀರಿಸಿ, ಥೇಮ್ಸ್ ನದೀಮುಖದ ಬಳಿಯ ಕ್ವೀನ್‌ಬರೋ ಎಂಬಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಕಟ್ಟೆಯನ್ನು ತೆರೆದನು.

ಇಲ್ಲಿ ಕಥೆಯನ್ನು ಕೊಂಚ ಹಿಂದಕ್ಕೆ ತಿರುಗಿಸಬೇಕು.

1918ರ ನವಂಬರಿನಲ್ಲಿ ಯುದ್ಧವು ನಿಂತಾಗ ಜರ್ಮನಿಯ ಮಹಾ ನೌಕಾಪಡೆಯ 74 ಹಡಗುಗಳನ್ನು ಆರ್ಕ್ನಿ ದ್ವೀಪಗಳ ನಡುವಣ ಸ್ಕಾಪಾ ಫ್ಲೋ ಎಂಬ ಕಡಲಕೊಳದಲ್ಲಿ ತಂದು ನಿಲ್ಲಿಸಲಾಯಿತು. ಶಾಂತಿಯ ಕರಾರುಗಳು ನಿರ್ಧಾರವಾಗುವ ತನಕ ಅವು ಅಲ್ಲಿಯೇ ಇರತಕ್ಕುದೆಂದು ಏರ್ಪಾಟು. ನಾವಿಕರು ದಡಕ್ಕಿಳಿಯುವಂತಿಲ್ಲ, ಒಂದು ಹಡಗಿನವರು ಇನ್ನೊಂದು ಹಡಗಿಗೆ ಹೋಗುವಂತಿಲ್ಲ. ಏಳು ತಿಂಗಳು ಹೀಗೆ ಕಳೆದುವು. ಹಡಗುಗಳು ಶತ್ರುವಿನ ಪಾಲಾಗುವುದನ್ನು ಸಹಿಸಲಾರದೆ ಜರ್ಮನ್ ಸೇನಾನಿ ಲುಡ್ವಿಗ್ ಫಾನ್ ರಾಯ್ಟರನು 1919ರ ಜೂನ್ 21ರಂದು, ಕಾವಲಿನ ಬ್ರಿಟಿಷ್ ಹಡಗುಗಳು ಬಹುಪಾಲು ಅಭ್ಯಾಸಕ್ಕೆಂದು ಹೊರಗೆ ಹೋಗಿದ್ದ ಸಮಯವನ್ನು ನೋಡಿ, ಬಾವುಟಗಳ ಮೂಲಕ ಗುಟ್ಟಿನ ಆಜ್ಞೆಯನ್ನಿತ್ತನು. ಒಳಗಿದ್ದ ನಾವಿಕರು ತಳದ ಕವಾಟಗಳನ್ನು ತೆರೆದರು. ನೀರು ನುಗ್ಗಿತು. ಅಂದು ವಿಹಾರಕ್ಕೆಂದು ಸಣ್ಣ ಹಡಗೊಂದರಲ್ಲಿ ಬಂದಿದ್ದ ಸ್ಟ್ರಾಮ್‌ನೆಸ್ ಊರಿನ ಶಾಲಾಮಕ್ಕಳ ಕಣ್ಣೆದುರಿನಲ್ಲಿಯೇ ಜಗತ್ತಿನ ಎರಡನೆಯ ಅತಿ ದೊಡ್ಡ ನೌಕಾಪಡೆಯು ಒಂದೊಂದಾಗಿ ಮಗುಚಿ, ವಾಲಿ, ಬುಳುಬುಳನೆ ಮುಳುಗಿಹೋಯಿತು. ಸಂಜೆಯ ಹೊತ್ತಿಗೆ 52 ಹಡಗುಗಳು ತಳ ಸೇರಿದ್ದುವು. ಉಳಿದುವನ್ನು ಬ್ರಿಟಿಷರು ಹೇಗೋ ದಡಕ್ಕೆಳೆದರು. ಗುಂಡೇಟಿನಿಂದ ಒಂಬತ್ತು ಮಂದಿ ಜರ್ಮನರು ಸತ್ತರು. ಯುದ್ಧವು ನಿಂತು ಏಳು ತಿಂಗಳಾದ ಮೇಲೆ ಸತ್ತ ಈ ಒಂಬತ್ತು ಮಂದಿಯನ್ನು ನೆನೆದರೆ ಮನಸ್ಸಿಗೆ ಏನೋ ಆಗುತ್ತದೆ.

ಹಡಗುಗಳು ಬಿದ್ದಲ್ಲಿಯೇ ಬಿದ್ದಿರಲೆಂದು ಬ್ರಿಟಿಷ್ ನೌಕಾಖಾತೆಯು ಸುಮ್ಮನಾಯಿತು. ಯುದ್ಧ ಮುಗಿದ ಹೊಸದರಲ್ಲಿ ಹಳೆಯ ಕಬ್ಬಿಣಕ್ಕೆ ಕೊರತೆಯೇ ಇರಲಿಲ್ಲ. ಒಡೆಯಬೇಕಾದ ಫಿರಂಗಿಗಳೂ ಹಡಗುಗಳೂ ರಾಶಿರಾಶಿಯಾಗಿದ್ದುವು. ಇಂತಹ ದೊಡ್ಡ ನೌಕೆಗಳನ್ನು ಎತ್ತುವುದು ಆಗದ ಮಾತೆಂದು ತಜ್ಞರ ಅಭಿಪ್ರಾಯವೂ ಇದ್ದಿತು. ಆದರೆ ಮೀನುದೋಣಿಗಳು ಕತ್ತಲೆಯಲ್ಲಿ ಈ ಕಬ್ಬಿಣದ ಬಂಡೆಗಳಿಗೆ ಬಡಿಯತೊಡಗಿದುವು. ಕಬ್ಬಿಣದ ಬೆಲೆಯೂ ನಾಲ್ಕೈದು ವರ್ಷಗಳಲ್ಲಿ ಮೇಲೆದ್ದಿತು.

ಈ ಹೊತ್ತಿಗೆ ಕಾಕ್ಸನ ಬಳಿ ಒಂದು ವಿಚಿತ್ರ ವಸ್ತುವಿದ್ದಿತು. ಜರ್ಮನರು ಜಲಾಂತರ್ಗಾಮಿಗಳ ಒಡಲನ್ನು ಪರೀಕ್ಷಿಸಲು ಬಳಸುತ್ತಿದ್ದ ಭಾರಿ ಉಕ್ಕಿನ ಕೊಳವಿ, ಅದನ್ನು ಹೊತ್ತಿದ್ದ ತೇಲುವ ಹಡಗುಕಟ್ಟೆ, ಇವೆರಡನ್ನೂ ಒಟ್ಟಿಗೆ ಕೊಂಡಿದ್ದನು. ಕೊಳವಿಯನ್ನು ಒಡೆದು ಮಾರಿದ ಮೇಲೆ ಕಟ್ಟೆಯು ಉಳಿಯಿತು. ಅದನ್ನೇನು ಮಾಡುವುದು? ಅವನೊಡನೆ ವ್ಯವಹರಿಸುತ್ತಿದ್ದ ಡೆನ್ಮಾರ್ಕಿನ ವ್ಯಾಪಾರಿಯೊಬ್ಬನು, ಇಂತಹ ಸಾಧನವಿರುವಾಗ ಸ್ಕಾಪಾ ಫ್ಲೋವಿನಲ್ಲಿರುವ ಹಡಗುಗಳನ್ನೇಕೆ ಎತ್ತಬಾರದೆಂದು ಮಾತಿಗೆ ಮಾತಾಗಿ ಕೇಳಿದನಂತೆ. ಸಣ್ಣ ಟಾರ್ಪಿಡೋ ನೌಕೆಗಳು ಸಾಕೆಂಬುದು ಅವನ ಅಭಿಪ್ರಾಯ. ದೊಡ್ಡವುಗಳ ಗೊಡವೆ ಬೇಡ. ಕಾಕ್ಸನು ಗ್ರಂಥಾಲಯದಲ್ಲಿ ಕುಳಿತು ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದನು. ಬಳಿಕ ನೌಕಾಖಾತೆಯ ಕಚೇರಿಗೆ ಹೋಗಿ, ಮುಳುಗಿದ ಹಡಗುಗಳನ್ನು ಒಮ್ಮೆಯೂ ಕಣ್ಣಿನಿಂದ ನೋಡದೆಯೇ, 26 ಟಾರ್ಪಿಡೋ ನೌಕೆಗಳನ್ನೂ ಸೈಡ್ಲಿಟ್ಸ್ ಮತ್ತು ಹಿಂಡನ್‌ಬರ್ಗ್ ಎಂಬ ಎರಡು ಮಹಾನೌಕೆಗಳನ್ನೂ 24,000 ಪೌಂಡುಗಳಿಗೆ ಕ್ರಯಕ್ಕೆ ಪಡೆದನು. ಅಂದಿನ ಲೆಕ್ಕದಲ್ಲಿ ಅದು ಮೂರು ಲಕ್ಷ ರೂಪಾಯಿಗೂ ಮಿಕ್ಕಿದ ಹಣ. ಎಮ್ಮೆಯನ್ನು ನೀರಿನಲ್ಲಿಟ್ಟು ವ್ಯಾಪಾರ ಮಾಡಬಾರದೆಂದು ನಮ್ಮಲ್ಲಿ ಗಾದೆಯೇ ಇದೆ. ಕಾಕ್ಸನು ಅದನ್ನು ಕೇಳಿರಲಿಲ್ಲ.

1924ರಲ್ಲಿ ಹಾಯ್ ದ್ವೀಪದ ಲೈನೆಸ್ ಎಂಬಲ್ಲಿ ಬಿಡಾರವು ಬಿದ್ದಿತು. ಕಾಕ್ಸನ ಬಲಗೈ ಎಡಗೈಗಳಂತೆ ನಿಂತವರು ಟಾಮ್ ಮೆಕೆಂಜಿ ಮತ್ತು ಅರ್ನೆಸ್ಟ್ ಮೆಕಿಯೋನ್ ಎಂಬ ಇಬ್ಬರು. ಈ ಕಸಬಿನ ನಿಜವಾದ ಅನುಭವವಿದ್ದುದು ಅವರಿಗೆ. ತೇಲುಕಟ್ಟೆಯ ಒಂದು ಪಕ್ಕದ ಗೋಡೆಯನ್ನು ಕಡಿಸಿ, ಉಳಿದುದನ್ನು ನಡುವೆ ಎರಡಾಗಿ ಸೀಳಿಸಿ, ಎರಡು ತುಂಡುಗಳನ್ನೂ ಮುಳುಗಿದ ಹಡಗಿನ ಎರಡು ಮಗ್ಗುಲುಗಳಲ್ಲಿ ನಿಲ್ಲಿಸುವುದು. ಹಡಗಿನ ಅಡಿಯಲ್ಲಿ ಹಗ್ಗಗಳನ್ನು ಹಾಯಿಸಿ ಎರಡೂ ಕಡೆಯ ಕೈರಾಟೆಗಳಿಗೆ ಬಿಗಿಯುವುದು. ಕಡಲಿನ ಇಳಿತದಲ್ಲಿ ಹಗ್ಗವನ್ನು ಚೆನ್ನಾಗಿ ಬಿಗಿದು, ಭರತ ಬಂದಾಗ ಕಟ್ಟೆಗಳು ತಾವಾಗಿ ಮೇಲೇಳುವುದರೊಂದಿಗೆ ಹಡಗನ್ನೂ ತಳದಿಂದ ಬಿಡಿಸುವುದು. ಹೀಗೆ ತೂಗಾಡುವ ಹಡಗನ್ನು ದಡದ ಕಡೆಗೆ ಎಳೆದು, ಅದು ತಳಕ್ಕೆ ತಾಗಿದ ಮೇಲೆ ಮುಂದಿನ ಇಳಿತಕ್ಕೆ ಕಾದು ಮತ್ತೆ ಬಿಗಿಯುವುದು. ಚಂದ್ರನನ್ನೇ ಕೂಲಿಯಾಳಾಗಿ ಇಟ್ಟುಕೊಂಡಂತಹ ಉಪಾಯವಿದು.

ಹಗ್ಗದ ವಿಷಯದಲ್ಲಿ ಕಾಕ್ಸನು ಮೊದಲಿಗೆ ಎಡವಿದನು. ಉಕ್ಕಿನ ತಂತಿಯ ಹಗ್ಗಗಳು ಬೇಕೆಂದು ಜೊತೆಯವರು ಹೇಳಿದರು. ಅವು ತುಂಬ ದುಬಾರಿ. ಹಳೆಯ ಲಂಗರಿನ ಸರಪಳಿಗಳಾದರೋ ಕೈಯಲ್ಲಿಯೇ ಇದ್ದುವು. ಕಾಕ್ಸನು ಸರಪಳಿಯೇ ಸಾಕೆಂದನು. ವಿ-70 ಎಂಬ ಸುಮಾರು 750 ಟನ್ನಿನ ನೌಕೆಯನ್ನು ಎತ್ತತೊಡಗಿದಾಗ ಒಂದು ಸರಪಳಿಯು ಸಿಡಿಲಿನಂತೆ ಸಿಡಿಯಿತು. ಅದರ ಪಾಲಿನ ಭಾರವು ಪಕ್ಕದವುಗಳ ಮೇಲೆ ಬಿದ್ದು ಅವೂ ಒಂದರ ಹಿಂದೊಂದು ಕಡಿದುವು. ಕಬ್ಬಿಣದ ಕೊಂಡಿಗಳು ಗುಂಡುಗಳಂತೆ ತಲೆಯ ಮೇಲೆ ಹಾರಾಡಿದುವು. ಆಳುಗಳು ಬಿದ್ದಲ್ಲಿಯೇ ಬೋರಲಾಗಿ ಮಲಗಿ ಪ್ರಾಣ ಉಳಿಸಿಕೊಂಡರು. ದೈವವಶಾತ್ ಯಾರಿಗೂ ಅಪಾಯವಾಗಲಿಲ್ಲ. ಕಾಕ್ಸನು ವಾದ ಮಾಡಲಿಲ್ಲ. ತಂತಿಯ ಹಗ್ಗಗಳಿಗೆ ಒಡನೆಯೇ ಬೇಡಿಕೆ ಕಳುಹಿಸಿದನು. ತಪ್ಪನ್ನು ಒಪ್ಪಿಕೊಳ್ಳುವಾಗ ಆತನು ತಡಮಾಡುತ್ತಿರಲಿಲ್ಲವೆಂಬುದು, ಮಹಾ ಸಿಡುಕನೆಂದು ಹೆಸರಾದ ಈ ಮನುಷ್ಯನಲ್ಲಿ ಎದ್ದು ಕಾಣುವ ಗುಣ.

ಆಗಸ್ಟಿನ ಆರಂಭದಲ್ಲಿ ವಿ-70 ಮೇಲಕ್ಕೆ ಬಂದಿತು. ಹಡಗಿನ ಟಾರ್ಪಿಡೋ ಕೊಳವಿಗಳು ಬೆಲೆಬಾಳುವ ಲೋಹದವು; ಅವುಗಳ ಮೇಲೆ ಎಲ್ಲರ ಕಣ್ಣಿದ್ದಿತು. ನೋಡಿದರೆ ಅವು ಮಾಯವಾಗಿದ್ದುವು! ಆ ದ್ವೀಪಗಳ ಜಾಣರು ಯಾರೋ ರಾತ್ರಿಯ ಹೊತ್ತು ಬಂದು ಮೊದಲೇ ಬಿಚ್ಚಿಕೊಂಡು ಹೋಗಿದ್ದರು. ಕಾಕ್ಸನು ಆ ಬರಿಯ ಒಡಲನ್ನು ಮಾರದೆ, ತೇಪೆ ಹಾಕಿಸಿ ತನ್ನ ಕೆಲಸಗಾರರಿಗೆ ತೇಲುವ ಕಾರ್ಯಾಗಾರವನ್ನಾಗಿ ಮಾಡಿಕೊಂಡನು. ಅಲ್ಲಿಂದ ಮುಂದೆ ಕೆಲಸವು ಚುರುಕಾಯಿತು. 1926ರ ಮೇ ತಿಂಗಳ ಹೊತ್ತಿಗೆ ಸಣ್ಣ ನೌಕೆಗಳ ಲೆಕ್ಕವು ಮುಗಿದಿದ್ದಿತು.

ಇಲ್ಲಿಗೆ ನಿಂತಿದ್ದರೆ ಕಾಕ್ಸನು ಬುದ್ಧಿವಂತ ವ್ಯಾಪಾರಿಯೆನಿಸಿಕೊಂಡು ನಿಶ್ಚಿಂತೆಯಾಗಿ ಇರುತ್ತಿದ್ದನು. ಹಿಂಡನ್‌ಬರ್ಗ್ ಅವನನ್ನು ನಿಲ್ಲಗೊಡಲಿಲ್ಲ.

ಈ ಮಹಾನೌಕೆಯು ಮಗುಚದೆ, ನೆಟ್ಟಗೆ ಕುಳಿತಂತೆ ತಳ ಸೇರಿತ್ತು. ಅದರ ಹೊಗೆಕೊಳವೆಗಳೂ ಕೂವೆಮರವೂ ನೀರಿನ ಮೇಲೆ ಕಾಣುತ್ತಿದ್ದುವು. ಇಷ್ಟು ತೂಕವನ್ನು ಹಗ್ಗದಿಂದ ಎತ್ತುವುದು ಆಗದು. ಆದುದರಿಂದ ಒಡಲಿನ ಕಂಡಿಗಳನ್ನೆಲ್ಲ ಮುಚ್ಚಿ ಒಳಗಿನ ನೀರನ್ನು ಪಂಪುಗಳಿಂದ ಹೊರಗೆ ಹಾಕಿದರೆ ಹಡಗು ತಾನಾಗಿಯೇ ತೇಲಬೇಕು. ಆರ್ಕಿಮಿಡೀಸನ ಸೂತ್ರವನ್ನು ಇಂಟರ್‌ಮೀಡಿಯೆಟ್ ತರಗತಿಯಲ್ಲಿ ಬಾಯಿಪಾಠ ಮಾಡಿದ ನಮಗೆ ಇದು ಸರಳವೆನಿಸುತ್ತದೆ. ಮುಚ್ಚಬೇಕಾದ ಕಂಡಿಗಳು ಮಾತ್ರ ಸುಮಾರು ಎಂಟುನೂರು. ಮುಳುಗುಗಾರರು ತಣ್ಣೀರಿನಲ್ಲಿ ತಿಂಗಳುಗಟ್ಟಲೆ ದುಡಿದು ಒಂದೊಂದಕ್ಕೂ ಹಲಗೆಯ ತೇಪೆಯನ್ನು ಹಾಕಿದರು. ಸಂದುಗಳಿಗೆ ಪ್ರಾಣಿಯ ಕೊಬ್ಬನ್ನು ನಾರಿನೊಡನೆ ಮೆತ್ತಿದರು. ಆದರೂ ನೀರು ಒಸರುತ್ತಿತ್ತು. ಏನೆಂದು ನೋಡಿದರೆ ಸಣ್ಣ ಮೀನುಗಳು ಹಿಂಡುಹಿಂಡಾಗಿ ಬಂದು ಕೊಬ್ಬನ್ನು ತಿಂದುಹಾಕುತ್ತಿದ್ದುವು! ಕೊಬ್ಬಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿದ ಮೇಲೆ ಮೀನುಗಳಿಗೆ ಅದು ರುಚಿಸಲಿಲ್ಲ.

ಅದೇ ಸಮಯಕ್ಕೆ ಇಂಗ್ಲೆಂಡಿನಲ್ಲಿ ಗಣಿ ಕೆಲಸಗಾರರ ಮುಷ್ಕರವಾಗಿ ಕಲ್ಲಿದ್ದಲಿನ ಬೆಲೆಯು ಗಗನಕ್ಕೇರಿತು. ಕಲ್ಲಿದ್ದಲಿಲ್ಲದೆ ಪಂಪು ನಡೆಯದು. ಕಾಕ್ಸನಿಗೆ ಸೈಡ್ಲಿಟ್ಸಿನ ನೆನಪಾಯಿತು. ಒಂದು ಮಗ್ಗುಲಾಗಿ ಮಲಗಿದ್ದ ಆ ಹಡಗಿನ ಪಕ್ಕೆಯು ನೀರಿನ ಮೇಲಿದ್ದಿತು. ಅದನ್ನು ಕೊರೆಸಿ, ಏಳು ವರ್ಷಗಳ ಹಿಂದೆ ಜರ್ಮನರು ತುಂಬಿಟ್ಟಿದ್ದ ಕಲ್ಲಿದ್ದಲನ್ನು ಬಾಚಿ ತೆಗೆದು ತನ್ನ ಒಲೆಗಳಿಗೆ ಹಾಕಿದನು. ಮುಳುಗಿದ ಒಂದು ಹಡಗಿನ ಹೊಟ್ಟೆಯ ಇದ್ದಲಿನಿಂದ ಮುಳುಗಿದ ಇನ್ನೊಂದನ್ನು ಎತ್ತಹೊರಟ ಈ ಸಾಹಸವನ್ನು ಯಾವ ಕಾದಂಬರಿಕಾರನೂ ಊಹಿಸಿರಲಾರನು.

ಆದರೂ ಹಿಂಡನ್‌ಬರ್ಗ್ ಏಳಲಿಲ್ಲ. ಅಲ್ಲ, ಏಳುತ್ತಿತ್ತು, ಮೇಲಕ್ಕೆ ಬರುತ್ತ ಬರುತ್ತ ಒಂದು ಪಕ್ಕಕ್ಕೆ ವಾಲುತ್ತಿತ್ತು. ಪುನಃ ಇಳಿಸಿ ಪುನಃ ಎತ್ತಿದರು, ಪುನಃ ವಾಲಿತು. ಎತ್ತಿದ ಸಣ್ಣ ನೌಕೆಯೊಂದನ್ನು ಇನ್ನೊಂದು ಮಗ್ಗುಲಿಗೆ ತೂಕವಾಗಿ ಕಟ್ಟಿ ನೋಡಿದರು. ಕೊನೆಗೆ ಸೆಪ್ಟೆಂಬರಿನ ಬಿರುಗಾಳಿಯು ಎದ್ದಿತು. ತೇಪೆಗಳು ಕಿತ್ತುವು, ಪಂಪುಗಳು ಕೈಕೊಟ್ಟುವು. ಹಡಗು ಮತ್ತೆ ತಳಕ್ಕೆ ಕುಳಿತಿತು. ಸುಮಾರು 30,000 ಪೌಂಡುಗಳು ನೀರುಪಾಲಾದುವು. ಆ ಸಂಜೆ ಕಾಕ್ಸನು ಮರುವರ್ಷ ಮಾಡಬೇಕಾದ ಕೆಲಸವನ್ನು ಜೊತೆಯವರಿಗೆ ವಿವರಿಸತೊಡಗಿದನಂತೆ. ಹಿಂಡನ್‌ಬರ್ಗಿನ ಗೊಡವೆ ಸದ್ಯಕ್ಕೆ ಬೇಡ. ಮೋಲ್ಟ್‌ಕೆ ಎಂಬುದನ್ನು ಎತ್ತೋಣವೆಂಬುದು ಅವನ ಹೊಸ ಸಂಕಲ್ಪ.

ಮೋಲ್ಟ್‌ಕೆಯ ತೂಕ ಸುಮಾರು 23,000 ಟನ್ನು. ಅದು ತಲೆಕೆಳಗಾಗಿ ಬಿದ್ದಿತ್ತು. ಬೆನ್ನು ಕೆಳಗೆ, ತಳ ಮೇಲೆ. ಇದನ್ನು ಒಂದು ಅನುಕೂಲವೆಂದು ಕಾಕ್ಸನು ಬಗೆದನು. ಚೊಂಬನ್ನು ಬೋರಲಾಗಿ ನೀರಿನಲ್ಲಿ ಅದುಮಿದರೆ ಒಳಗಿನ ಗಾಳಿಯು ಹೊರಗೆ ಹೋಗಲಾರದು. ಹಾಗೆಯೇ ಬೋರಲಾದ ಹಡಗಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬಿದರೆ ನೀರು ಕೆಳಗಿನ ಕಂಡಿಗಳಿಂದ ಹೊರಟುಹೋಗಿ ಹಡಗು ತೇಲಬೇಕು. ಆದರೆ ಗಾಳಿಯು ಒಂದೇ ಕಡೆ ಸೇರಿದರೆ ಆ ತುದಿ ಮಾತ್ರ ಏಳುತ್ತದೆ. ಎದ್ದಷ್ಟೂ ನೀರಿನ ಒತ್ತಡವು ಕಡಮೆಯಾಗಿ ಗಾಳಿಯು ಹಿಗ್ಗುತ್ತದೆ. ಹಿಗ್ಗಿದಷ್ಟೂ ಇನ್ನೂ ವೇಗವಾಗಿ ಏಳುತ್ತದೆ. ಒಮ್ಮೆ ತಪ್ಪಿದರೆ ತಡೆಯುವವರಿಲ್ಲ. ಆದುದರಿಂದ ಒಡಲನ್ನು ಬೇರೆಬೇರೆ ಕೋಣೆಗಳಾಗಿ ಬೇರ್ಪಡಿಸಿ, ಗೋಡೆಗಳ ಸಂದುಗಳನ್ನು ಒಳಗಿನಿಂದಲೇ ಮುಚ್ಚಬೇಕು.

ಒಳಗೆ ಹೋಗುವುದು ಹೇಗೆ? ಹಳೆಯ ಬಾಯ್ಲರುಗಳನ್ನು ಕೊಳವೆಯಂತೆ ನಿಲ್ಲಿಸಿ ಹಡಗಿನ ತಳಕ್ಕೆ ಬೋಲ್ಟು ಹಾಕಿದರು. ಅದರ ಎರಡು ಬಾಗಿಲುಗಳಲ್ಲಿ ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಆಳುಗಳು ಇದರ ಮೂಲಕ ಇಳಿದು ತಲೆಕೆಳಗಾದ ಲೋಕವನ್ನು ಹೊಕ್ಕರು. ಚಾವಣಿಯ ಮೇಲೆ ನಡೆಯಬೇಕು. ಯಂತ್ರಗಳು ತಲೆಯ ಮೇಲೆ ತೂಗುತ್ತಿವೆ. ಎಲ್ಲೆಲ್ಲೂ ಎಣ್ಣೆ, ಕೆಸರು, ಕೊಳೆತ ಪಾಚಿಯ ನಾತ. ಒತ್ತಿದ ಗಾಳಿಯಲ್ಲಿ ಉಸಿರಾಡಿದವನು ಅವಸರದಿಂದ ಹೊರಕ್ಕೆ ಬಂದರೆ ರಕ್ತದಲ್ಲಿ ಗುಳ್ಳೆಗಳೆದ್ದು ಕೀಲುಗಳು ಕಟ್ಟಿಕೊಳ್ಳುತ್ತವೆ, ಪ್ರಾಣವೂ ಹೋದೀತು. ಕಾಕ್ಸನ ಹೆಸರು ಪತ್ರಿಕೆಗಳಲ್ಲಿ ಬಂದಿತು; ಒಳಗೆ ದೀಪ ಹಿಡಿದು ದುಡಿದ ಆ ಜನರ ಹೆಸರುಗಳು ಬರಲಿಲ್ಲ. ಇದನ್ನು ಇಲ್ಲಿ ಹೇಳದಿದ್ದರೆ ಲೇಖನವು ಅರ್ಧಸತ್ಯವಾಗುತ್ತದೆ.

1927ರ ಜೂನ್ ತಿಂಗಳಿನಲ್ಲಿ ಮೋಲ್ಟ್‌ಕೆಯು ನೊರೆಯುಗುಳುತ್ತ ತೇಲಿತು. ಮರುವರ್ಷ ಮೇ ತಿಂಗಳಲ್ಲಿ ಅದನ್ನು ತಲೆಕೆಳಗಾಗಿಯೇ ಮೂರು ಜರ್ಮನ್ ಎಳೆಹಡಗುಗಳು ರೊಸೈತ್ ಎಂಬ ರೇವಿಗೆ ಎಳೆದೊಯ್ದುವು. ಜರ್ಮನಿಯ ಹಡಗನ್ನು ಒಡೆಯಲು ಜರ್ಮನರೇ ಎಳೆದು ತಂದರು! ಹಡಗಿನ ತಳದ ಮೇಲೆ ಗುಡಿಸಲನ್ನು ಕಟ್ಟಿ ಆಳುಗಳು ಪಯಣದುದ್ದಕ್ಕೂ ವಾಸಿಸಿದರು. ಗಾಳಿಯು ಸೋರಿಹೋಗದಂತೆ ಯಂತ್ರಗಳನ್ನು ಹಗಲಿರುಳು ನಡೆಸಿದರು. ಫೋರ್ತ್ ಸೇತುವೆಯ ಬಳಿ ಹೊಸ ಗಂಡಾಂತರ. ದಾರಿ ತೋರಿಸಲು ಇಬ್ಬರು ಮಾರ್ಗದರ್ಶಕರು ಬಂದರು. ಯಾರ ಅಧಿಕಾರವೆಂಬ ಜಗಳಕ್ಕೆ ತೊಡಗಿದರು. ಅಷ್ಟರಲ್ಲಿ ಎಳೆಹಡಗುಗಳು ದ್ವೀಪವೊಂದರ ಒಂದು ಬದಿಗೆ, ಮೋಲ್ಟ್‌ಕೆಯು ಇನ್ನೊಂದು ಬದಿಗೆ ಸರಿದುವು. ಎಳೆಯುವ ಹಗ್ಗವನ್ನು ಕಡಿಯದೆ ಗತಿಯಿಲ್ಲ. ಹಿಡಿತವಿಲ್ಲದ ಆ ಉಕ್ಕಿನ ಗುಡ್ಡವು ಪ್ರವಾಹದೊಡನೆ ಸೇತುವೆಯ ಕಡೆಗೆ ತೇಲಿತು. ಕಂಬಕ್ಕೆ ಬಡಿದಿದ್ದರೆ ಮುಂದೇನಾಗುತ್ತಿತ್ತೋ ಹೇಳಲಾಗದು. ಬಡಿಯಲಿಲ್ಲ, ಕಂಬಗಳ ನಡುವೆ ತಾನಾಗಿಯೇ ದಾಟಿಹೋಯಿತು. ಇಬ್ಬರು ಯಜಮಾನರು ಕೂಡಿದ ಕೆಲಸವು ಹೀಗಾಗುವುದನ್ನು ನಾವು ನಮ್ಮಲ್ಲಿಯೂ ಕಾಣುವುದುಂಟು.

ಬಳಿಕ ಸೈಡ್ಲಿಟ್ಸಿನ ಸರದಿ. ಇದನ್ನು ಮಲಗಿದ ಭಂಗಿಯಲ್ಲಿಯೇ ಎತ್ತಬೇಕೆಂದು ಕಾಕ್ಸನ ಹಟ. ತಿಂಗಳುಗಟ್ಟಲೆ ದುಡಿದು ಎತ್ತುವಾಗ ಒಳಗೋಡೆಯೊಂದು ಒಡೆದು ಹಡಗು ಪೂರ್ತಿಯಾಗಿ ಮಗುಚಿಕೊಂಡಿತು. ಅದುವರೆಗಿನ ಶ್ರಮವೆಲ್ಲ ವ್ಯರ್ಥ. ಅದನ್ನು ಹದಕ್ಕೆ ತರಲು ಮತ್ತೆ ಮತ್ತೆ ಎತ್ತಿ ಇಳಿಸಿ, 1928ರ ನವಂಬರಿನಲ್ಲಿ ಗೆದ್ದರು. ಆ ಹಡಗಿನ ವಿಷಯವಾಗಿ ಒಂದು ಕಥೆಯು ಪ್ರಚಲಿತವಾಗಿದೆ. ಕಾಕ್ಸನು ವಿಶ್ರಾಂತಿಗೆಂದು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಹಡಗು ಅನಿರೀಕ್ಷಿತವಾಗಿ ಮೇಲೆದ್ದಿತಂತೆ. ತಾನೂ ಪತ್ರಿಕೆಯವರೂ ಇಲ್ಲದಾಗ ಎದ್ದ ಹಡಗನ್ನು ಪುನಃ ಮುಳುಗಿಸಿಡುವಂತೆ ಅವನು ತಂತಿ ಕಳುಹಿಸಿದನಂತೆ! ಬೆಳೆಸಿ ಹೇಳಿದ ಮಾತೇ ಇರಬಹುದು. ಆದರೆ ಆತನಿಗೆ ಕೀರ್ತಿಯ ಮೇಲೆ ಆಸೆಯಿದ್ದುದಂತೂ ನಿಜ. ಅದನ್ನು ಮರೆಮಾಡುವ ಅಭ್ಯಾಸವೂ ಇರಲಿಲ್ಲ.

ಕೈಸರ್, ಬ್ರೆಮ್ಸೆ ಎಂಬುವು 1929ರಲ್ಲಿ ಮೇಲೆ ಬಂದುವು. ಅವುಗಳ ವಿವರವು ಇಲ್ಲಿ ಬೇಡ.

1930ರಲ್ಲಿ ಕಾಕ್ಸನು ಹಿಂಡನ್‌ಬರ್ಗಿನ ಮುಂದೆ ಮತ್ತೆ ಬಂದು ನಿಂತನು. ಹೆಚ್ಚು ಪಂಪುಗಳು, ಹೊಸ ತೇಪೆಗಳು. ಹಿಂದಿನ ಸಲ ವಾಲಿದ ಕಡೆಗೆ ಆಸರೆಯಾಗಿ ಸಣ್ಣ ನೌಕೆಯ ತುಂಡೊಂದರಲ್ಲಿ ಕಾಂಕ್ರೀಟನ್ನು ತುಂಬಿ ಹಿಂಭಾಗದ ಅಡಿಗೆ ಬೆಣೆಯಂತೆ ಇಟ್ಟರು. ಎತ್ತಿದರೆ ಹಡಗು ಇನ್ನೊಂದು ಪಕ್ಕಕ್ಕೆ ವಾಲಿತು! ಕಾಕ್ಸನು ಕೈಚೆಲ್ಲಿ ಕುಳಿತ ಕೆಲವೇ ಗಳಿಗೆಗಳಲ್ಲಿ ಇದೂ ಒಂದು. ಆ ಪಕ್ಕಕ್ಕೂ ಒಂದು ಬೆಣೆಯನ್ನಿಟ್ಟರಾಯಿತೆಂದು ಜೊತೆಯವರು ಧೈರ್ಯ ಹೇಳಿದರು. ಇಟ್ಟರು. ಜುಲೈ 22ರಂದು ಆ ಮಹಾನೌಕೆಯು ವಾಲದೆ, ನೆಟ್ಟಗೆ, ಹನ್ನೊಂದು ವರ್ಷಗಳ ಪಾಚಿಯನ್ನು ಹೊತ್ತು ನೀರಿನಿಂದ ಮೇಲೆದ್ದು ನಿಂತಿತು.

ಆಟವನ್ನು ಗೆದ್ದಾಯಿತು, ಸಂತೆಯು ಮುಗಿದಿತ್ತು. 1929ರ ಕೊನೆಯಲ್ಲಿ ಆರಂಭವಾದ ಜಗದ್ವ್ಯಾಪಿ ಮುಗ್ಗಟ್ಟಿನಿಂದ ಹಳೆಯ ಕಬ್ಬಿಣದ ಬೆಲೆಯು ಕುಸಿಯಿತು. ಎತ್ತುವ ಖರ್ಚು ಹೆಚ್ಚು, ಮಾರಿದರೆ ಬರುವುದು ಕಡಮೆ. ಆದರೂ ಕಾಕ್ಸನು ಫಾನ್ ಡೆರ್ ಟಾನ್ ಎಂಬ ನೌಕೆಯನ್ನು 1930ರ ಡಿಸೆಂಬರಿನಲ್ಲಿ ಎತ್ತಿದನು. ಅದರೊಳಗೆ ಕೊಳೆತ ಜಲಸಸ್ಯಗಳಿಂದ ಹುಟ್ಟಿದ ಅನಿಲಕ್ಕೆ ಲೋಹ ಕತ್ತರಿಸುವ ಜ್ವಾಲೆಯು ತಾಗಿ ಸ್ಫೋಟವಾಯಿತು. ಮೆಕೆಂಜಿಗೂ ಪೆಟ್ಟಾಯಿತು, ಕೆಲವರು ಏರುತ್ತಿರುವ ನೀರಿನಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದು ಹೇಗೋ ಬದುಕಿದರು. ಮರುವರ್ಷ ಮೇ ತಿಂಗಳಲ್ಲಿ ಪ್ರಿನ್ಸ್‌ರೆಗೆಂಟ್ ಲೂಯಿಟ್‌ಪೋಲ್ಡ್ ಎಂಬ ಹಡಗಿನಲ್ಲಿ ಅಂತಹುದೇ ಸ್ಫೋಟ. ಈ ಸಲ ಒಬ್ಬ ಬಡಗಿಯು ಸತ್ತನು. ಆ ಹಡಗೂ ಜುಲೈಯಲ್ಲಿ ಮೇಲಕ್ಕೆ ಬಂದಿತು. ಕಾಕ್ಸನು ಎತ್ತಿದ ಕೊನೆಯ ನೌಕೆ ಅದು.

ಏಳೂವರೆ ವರ್ಷಗಳಲ್ಲಿ ಮೂವತ್ತಕ್ಕೂ ಮಿಕ್ಕಿದ ಹಡಗುಗಳು. ಲೆಕ್ಕಪತ್ರವನ್ನು ಮುಗಿಸಿ ನೋಡಿದಾಗ ಸುಮಾರು 10,000 ಪೌಂಡುಗಳ ನಷ್ಟ. ಉಳಿದ ಹಡಗುಗಳ ಹಕ್ಕನ್ನು ಆತನು ಮೆಟಲ್ ಇಂಡಸ್ಟ್ರೀಸ್ ಎಂಬ ಕಂಪನಿಗೆ ಬಿಟ್ಟುಕೊಟ್ಟನು. ಆ ಕಂಪನಿಯು ಮೆಕೆಂಜಿಯನ್ನೇ ಸೇರಿಸಿಕೊಂಡು, ಕಾಕ್ಸನ ಬಳಗವು ಪೆಟ್ಟು ತಿಂದು ಕಲಿತ ವಿದ್ಯೆಯನ್ನೇ ಬಳಸಿ, ಇನ್ನೂ ಹಲವು ಮಹಾನೌಕೆಗಳನ್ನು ಎತ್ತಿತು. ಬೆಲೆ ಚೇತರಿಸಿಕೊಂಡಿದ್ದುದರಿಂದ ಲಾಭವನ್ನೂ ಗಳಿಸಿತು. ಬಿತ್ತಿದವನೊಬ್ಬ, ಬೆಳೆ ಕೊಯ್ದವನೊಬ್ಬ. ಕಾಕ್ಸನನ್ನು ದಡ್ಡ ವ್ಯಾಪಾರಿಯೆಂದು ಕರೆಯುವವರಿದ್ದಾರೆ. ಲೆಕ್ಕದ ಪುಸ್ತಕವೊಂದನ್ನೇ ಮುಂದಿಟ್ಟುಕೊಂಡರೆ ಅದು ಸುಳ್ಳಲ್ಲ. ಆದರೆ 1926ರಲ್ಲಿಯೇ ಲಾಭದೊಡನೆ ಮನೆಗೆ ಹೋಗಬಹುದಾಗಿದ್ದವನು ಹಿಂಡನ್‌ಬರ್ಗಿಗಾಗಿ ನಾಲ್ಕು ವರ್ಷ ಕಾದನೆಂಬುದನ್ನು ನೋಡಿದರೆ, ಆ ವೇಳೆಗೆ ಆತನು ವ್ಯಾಪಾರಿಯಾಗಿ ಉಳಿದಿದ್ದನೇ ಎಂಬುದೇ ನನ್ನ ಸಂದೇಹ.

ನಷ್ಟದಿಂದ ಆತನೇನೂ ದಿವಾಳಿಯಾಗಲಿಲ್ಲ. ದಡದ ಮೇಲಿನ ಗುಜರಿ ವ್ಯಾಪಾರವು ಅವನ ಕೈಹಿಡಿಯಿತು. ಕಡಲಿನ ಕೆಲಸಕ್ಕೆ ಮಾತ್ರ ಮತ್ತೆ ಕೈಹಾಕಲಿಲ್ಲ. 1959ರಲ್ಲಿ, ಎಪ್ಪತ್ತಾರನೆಯ ವಯಸ್ಸಿನ ಸುಮಾರಿಗೆ ತೀರಿಕೊಂಡನು.

ಸ್ಕಾಪಾ ಫ್ಲೋವಿನಲ್ಲಿ ಆ ಪಡೆಯ ಏಳು ದೊಡ್ಡ ನೌಕೆಗಳು ಇಂದಿಗೂ ಉಳಿದಿವೆ. 1945ರ ಅಣುಸ್ಫೋಟಗಳಿಗಿಂತ ಮುಂಚೆ ತಯಾರಾದ ಅವುಗಳ ಉಕ್ಕಿನಲ್ಲಿ ವಿಕಿರಣದ ಸೋಂಕಿಲ್ಲವಾದ ಕಾರಣ, ಸೂಕ್ಷ್ಮ ಮಾಪನಯಂತ್ರಗಳಿಗಾಗಿ ಅದರ ತುಂಡುಗಳನ್ನು ಮುಂದೆ ಬಹಳ ಕಾಲ ಕೊರೆದು ತೆಗೆದರು. ಈಗ ಆ ಹಡಗುಗಳು ರಕ್ಷಿತ ಸ್ಮಾರಕಗಳು, ಯಾರೂ ಎತ್ತುವಂತಿಲ್ಲ. ಮುಳುಗುಗಾರರು ಇಳಿದು ನೋಡಿ ಬರುತ್ತಾರೆ.